ಬ್ರೇಕ್ ಒತ್ತಿದ್ರೆ ಮುಂದಿನ ಇಂಡಿಕೇಟರ್ ಹತ್ತುತ್ತಿತ್ತು: ನಮ್ಮನೆ ಕಮಾಂಡರ್ ಜೀಪಿನ ಲೈಟ್ ರಿಪೇರಿ

ನಮ್ಮನೇಲಿರೋದು 96ನೇ ಇಸವಿ ಮಹೀಂದ್ರ ಕಮಾಂಡರ್, ಅಪ್ಪಯ್ಯ ತಗೊಂಡಿದ್ದು, ಈಗ ನಾನು ಓಡಿಸ್ತಾ ಇದ್ದೀನಿ. ಮನೆ ಇರೋದು ತೀರ್ಥಹಳ್ಳಿ–ಆಗುಂಬೆ ರೋಡಲ್ಲಿ ಮೇಗರವಳ್ಳಿ ಕಡೆ, ಮೇನ್ ರೋಡಿಂದ ಒಳಗೆ ಎರಡು ಕಿಲೋಮೀಟರ್ ಮಣ್ಣಿನ ದಾರಿ. ಗೊಬ್ಬರ, ಅಡಿಕೆ ಮೂಟೆ, ಮದುವೆ ಮನೆ ಪಾತ್ರೆ, ರಾತ್ರಿ ಹುಷಾರು ತಪ್ಪಿದೋರು, ಎಲ್ಲ ಇದೇ ಗಾಡೀಲಿ ಹೋಗಿದ್ದು. ಇಂಜಿನ್ ಇವತ್ತಿಗೂ ಒಂದು ಸೆಲ್ಫಿಗೆ ಸ್ಟಾರ್ಟ್ ಆಗುತ್ತೆ, ತೊಂದರೆ ಇದ್ದಿದ್ದು ಲೈಟಿಂದು.

ಹೋದ ಜುಲೈಲಿ ಒಂದಿನ ಸಂಜೆ ತೀರ್ಥಹಳ್ಳಿಯಿಂದ ವಾಪಸ್ ಬರ್ತಾ ಇದ್ದೆ, ಮಳೆ ನಿಂತಿತ್ತು ಆದ್ರೆ ಮಂಜು ಎಷ್ಟು ಇತ್ತು ಅಂದ್ರೆ ಇಪ್ಪತ್ತು ಅಡಿ ಮುಂದೆ ಏನೂ ಕಾಣ್ತಿರಲಿಲ್ಲ, ನಮ್ಮನೆ ದಾರಿಗೆ ಬಲಕ್ಕೆ ತಿರುಗಬೇಕು ಅಂತ ಇಂಡಿಕೇಟರ್ ಹಾಕ್ದೆ, ಡ್ಯಾಶಲ್ಲಿ ಟಿಕ್ ಟಿಕ್ ಅಂತ ಹೊಡಿತಾ ಇತ್ತು, ಸರಿ ಹತ್ತಿದೆ ಅಂತ ತಿರುಗಿಸಿದ್ರೆ ಹಿಂದಿಂದ ಬಂದ ಕಾರು ಬಲಗಡೆಯಿಂದಾನೇ ಓವರ್‌ಟೇಕಿಗೆ ಬಂದು ಟೈರು ಕಿರ್ ಅಂತ ಎಳ್ಕೊಂಡು ಒಂದು ಮೊಳ ದೂರದಲ್ಲಿ ನಿಂತ್ತು. ಒಳಗೆ ಮಗಳು ಇದ್ಲು. ಆ ಕಾರಿನೋರನ್ನ ನಾನು ಬೈಯಲಿಲ್ಲ, ಯಾಕಂದ್ರೆ ಅವರ ಹಿಂದೇನೇ ಬೈಕಲ್ಲಿ ಬರ್ತಿದ್ದ ಭಾವ ಇಳಿದು ಬಂದು ಹೇಳಿದ್ದು ಇಷ್ಟು: "ನಿಂದು ಬಲಗಡೆ ಇಂಡಿಕೇಟರ್ ಹತ್ತಲೇ ಇಲ್ಲ ಮಾರಾಯ, ಕೆಂಪು ಲೈಟೇ ಒಂದ್ಸಲ ಜಾಸ್ತಿ ಒಂದ್ಸಲ ಕಮ್ಮಿ ಆಗ್ತಾ ಇತ್ತು, ಲೂಸ್ ಕನೆಕ್ಷನ್ ಅಂದ್ಕೊಂಡೆ."

ಕೆಂಪು ಲೈಟು ಮಿಣುಕೋದು ಅಂದ್ರೆ ಎಂತ? ಆವತ್ತು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ.

ಮೊದಲನೇ ಭಾನುವಾರ ನಾನು ಮಾಡಿದ್ದು ಎಲ್ಲರೂ ಮಾಡೋದನ್ನೇ, ಬಲ್ಬ್ ಬದಲಾಯಿಸಿದ್ದು. ಎಡಗಡೆ ಹಾಕಿದ್ರೆ ಸಮಾಧಾನವಾಗಿ ಹೊಡಿಯುತ್ತೆ, ಬಲಗಡೆ ಹಾಕಿದ್ರೆ ಚಟಚಟಚಟ ಅಂತ ಡಬಲ್ ಸ್ಪೀಡಲ್ಲಿ ಹೊಡಿಯುತ್ತೆ. ಹಾಗೆ ಜೋರಾಗಿ ಹೊಡೆದ್ರೆ ಆ ಕಡೆ ಒಂದು ಬಲ್ಬ್ ಹೋಗಿದೆ ಅಂತ ಅರ್ಥ, ಇದು ಗೊತ್ತಿರೋದೇ. ಹಿಂದಿನ ಬಲ್ಬ್ ಬಿಚ್ಚಿ ಮಲ್ಟಿಮೀಟರಲ್ಲಿ (ಕರೆಂಟ್, ವೋಲ್ಟ್ ಅಳೆಯೋ ಮೀಟರ್) ನೋಡಿದ್ರೆ ಬೀಪ್ ಬಂತು, ಅಂದ್ರೆ ಫಿಲಮೆಂಟ್ (ಬಲ್ಬ್ ಒಳಗಿನ ಉರಿಯೋ ತಂತಿ) ಚೆನ್ನಾಗೇ ಇದೆ. ಆದ್ರೂ ಹೊಸ 21 ವ್ಯಾಟ್ ಬಲ್ಬ್ ಹಾಕ್ದೆ, ಅದೇ ಚಟಚಟ.

ಎರಡನೇ ಭಾನುವಾರ ಫ್ಲಾಷರ್, ಅಂದ್ರೆ ಇಂಡಿಕೇಟರನ್ನ ಹತ್ತಿಸಿ ಆರಿಸೋ ಸಣ್ಣ ಭಾಗ. ಶಿವಮೊಗ್ಗಕ್ಕೆ ಹೋಗಿದ್ದಾಗ ಸಾಗರ ರೋಡಿನ ಆಟೋ ಕಾಂಪ್ಲೆಕ್ಸ್‌ನಲ್ಲಿ ಹೊಸದು ತಂದೆ. ಅದೂ ವ್ಯತ್ಯಾಸ ಆಗ್ಲಿಲ್ಲ. ಆದ್ರೆ ಫ್ಲಾಷರ್ ವಿಷಯ ಸ್ವಲ್ಪ ಹೇಳ್ಲೇಬೇಕು, ಯಾಕಂದ್ರೆ ತುಂಬಾ ಜನ ಇಲ್ಲೇ ಗೊಂದಲ ಮಾಡ್ಕೊಳ್ತಾರೆ. ಹಳೇ ಕಾಲದ ಫ್ಲಾಷರ್ ಒಳಗೆ ಬಿಸಿಯಾದ್ರೆ ಬಗ್ಗೋ ಪಟ್ಟಿ ಇರುತ್ತೆ, ಬಲ್ಬಿಗೆ ಹೋಗೋ ಕರೆಂಟೇ ಅದನ್ನ ಬಿಸಿ ಮಾಡುತ್ತೆ, ಬಿಸಿಯಾದಾಗ ಒಂದು ಕಡೆ, ಆರಿದಾಗ ಇನ್ನೊಂದು ಕಡೆ, ಹಾಗೆ ಲೈಟು ಹತ್ತಿ ಆರೋದು. 21 ವ್ಯಾಟಿನ ಒಂದು ಬಲ್ಬ್ 12 ವೋಲ್ಟಿಗೆ 1.75 ಆಂಪ್ ಎಳೆಯುತ್ತೆ, ಮುಂದೆ ಹಿಂದೆ ಸೇರಿ ಮೂರೂವರೆ ಆಂಪ್. ಇದಕ್ಕೇ ಅಂತ ಮಾಡಿರೋ ಫ್ಲಾಷರಿಗೆ ಎಲ್‌ಇಡಿ ಬಲ್ಬ್ ಹಾಕಿದ್ರೆ ಪಟ್ಟಿ ಬಿಸಿಯೇ ಆಗಲ್ಲ, ಲೈಟು ಹತ್ತಿಕೊಂಡೇ ನಿಲ್ಲುತ್ತೆ. ಈಗ ಬರೋ ಎಲೆಕ್ಟ್ರಾನಿಕ್ ಫ್ಲಾಷರ್ ಕರೆಂಟ್ ಎಷ್ಟು ಹೋಗ್ತಿದೆ ಅಂತ ನೋಡುತ್ತೆ, ಕಮ್ಮಿ ಅನ್ಸಿದ್ರೆ ಬಲ್ಬ್ ಹೋಗಿದೆ ಅಂತ ಡ್ರೈವರಿಗೆ ಗೊತ್ತಾಗ್ಲಿ ಅಂತ ಜೋರಾಗಿ ಹೊಡಿಯುತ್ತೆ. ಸರಿಯಾಗಿದ್ರೆ ನಿಮಿಷಕ್ಕೆ 60ರಿಂದ 120ರ ಒಳಗೆ ಇರ್ಬೇಕು. ನನ್ನ ಗಾಡೀಲಿ ಇದ್ದಿದ್ದು ಎರಡನೇ ಥರದ್ದು. ಅಂದ್ರೆ ಫ್ಲಾಷರ್ ನಂಗೆ ಸರಿಯಾದ ವಿಷಯಾನೇ ಹೇಳ್ತಾ ಇತ್ತು, ಹಿಂದೆ ಬಲಗಡೆ ಕರೆಂಟ್ ಹೋಗ್ತಾ ಇಲ್ಲ ಅಂತ. ನಾನು ಅದು ಹೇಳಿದ್ದನ್ನ ಬಿಟ್ಟು ಅದನ್ನೇ ಬಿಚ್ಚಿ ಬದಲಾಯಿಸಿದೆ.

ಆಮೇಲೆ ಕೈ ಹಾಕೋದು ನಿಲ್ಲಿಸಿ, ಕತ್ತಲಾದ್ಮೇಲೆ ಗಾಡೀನ ಕೊಟ್ಟಿಗೆ ಮುಂದೆ ನಿಲ್ಲಿಸಿ, ಮಗಳನ್ನ ಸೀಟಲ್ಲಿ ಕೂರ್ಸಿ ಒಂದೊಂದೇ ಸ್ವಿಚ್ ಹಾಕ್ಸಿದೆ. ನಾನು ಸುತ್ತ ಓಡಾಡಿ ಯಾವ ಲೈಟ್ ಏನು ಮಾಡುತ್ತೆ ಅಂತ ಹಳೇ ಕ್ಯಾಲೆಂಡರ್ ಹಾಳೆ ಹಿಂದೆ ಬರ್ಕೊಂಡೆ. ಇದನ್ನ ಮೊದಲನೇ ದಿನವೇ ಮಾಡ್ಬೇಕಿತ್ತು. ಬರೆದಿದ್ದು ಹೀಗಿತ್ತು. ಬಲಗಡೆ ಇಂಡಿಕೇಟರ್ ಹಾಕಿದ್ರೆ ಮುಂದಿಂದು ಜೋರಾಗಿ ಹೊಡಿಯುತ್ತೆ, ಹಿಂದಿನದು ಕಣ್ಣು ಹತ್ರ ತಗೊಂಡು ಹೋದ್ರೆ ಮಾತ್ರ ಕೆಂಡದ ಥರ ಕಾಣುತ್ತೆ, ಜೊತೆಗೆ ಎಡಗಡೆ ಬ್ರೇಕ್ ಲೈಟ್ ಅದೇ ತಾಳಕ್ಕೆ ಮಂಕಾಗಿ ಮಿಣುಕುತ್ತೆ. ಎಡಗಡೇದು! ಪಾರ್ಕಿಂಗ್ ಲೈಟ್ ಹಾಕಿ ಬಲಗಡೆ ಇಂಡಿಕೇಟರ್ ಹಾಕಿದ್ರೆ ಬಲಗಡೆ ಹಿಂದಿನ ಕೆಂಪು ಲೈಟ್ ಕಮ್ಮಿ ಜಾಸ್ತಿ ಆಗುತ್ತೆ, ಭಾವ ನೋಡಿದ್ದು ಇದನ್ನೇ. ಇನ್ನು ಸುಮ್ನೆ ಬ್ರೇಕ್ ಮಾತ್ರ ಒತ್ತಿದ್ರೆ ಹಿಂದೆ ಎಡಗಡೆ ಚೆನ್ನಾಗಿ ಹತ್ತುತ್ತೆ, ಬಲಗಡೆ ಮಂಕು, ಮತ್ತೆ ಮುಂದೆ ಬಲಗಡೆ ಇಂಡಿಕೇಟರ್ ಸಣ್ಣಗೆ ಹತ್ತುತ್ತೆ.

ಬ್ರೇಕಿಗೂ ಮುಂದಿನ ಇಂಡಿಕೇಟರಿಗೂ ಏನು ಸಂಬಂಧ ಅಂತ ತಲೆ ಕೆಟ್ಟು, ತೀರ್ಥಹಳ್ಳೀಲಿ ಡೈನಮೋ ಸೆಲ್ಫ್ ಕೆಲಸ ಮಾಡೋ ಹಿರಿಯರೊಬ್ಬರಿಗೆ ಫೋನ್ ಮಾಡಿ ಹಾಳೆ ಓದಿ ಹೇಳ್ದೆ. ಅವರು ಪೂರ್ತಿ ಕೇಳಲೂ ಇಲ್ಲ. "ತಮಾ, ಬಲ್ಬು ಬಿಡು ಫ್ಯೂಸು ಬಿಡು, ಹೋದ ಕರೆಂಟು ವಾಪಸ್ ಬರೋ ದಾರಿ ನೋಡು. ಬ್ಯಾಟ್ರಿ ಮೈನಸ್ಸಿಂದ ಒಂದು ಉದ್ದ ವೈರ್ ತಂದು ಆ ಬಲ್ಬಿನ ಹೋಲ್ಡರ್ ಮೈಗೆ ಮುಟ್ಸು, ಆಮೇಲೆ ಫೋನ್ ಮಾಡು" ಅಂದ್ರು.

ಕೊಟ್ಟಿಗೆ ಬಲ್ಬಿಗೆ ಎಳೆಯೋಕೆ ಅಂತ ಇಟ್ಟಿದ್ದ ವೈರ್ ಸುರುಳಿ ಬಿಚ್ಚಿ, ಒಂದು ತುದಿ ಬ್ಯಾಟರಿ ಮೈನಸ್ಸಿಗೆ ಕಟ್ಟಿ, ಇನ್ನೊಂದನ್ನ ಹಿಂದೆ ತಂದು, ಬಲಗಡೆ ಇಂಡಿಕೇಟರ್ ಚಟಚಟ ಹೊಡಿತಾ ಇರೋವಾಗ್ಲೇ ಹೋಲ್ಡರ್ ತಗಡಿಗೆ ಮುಟ್ಟಿಸಿದೆ. ಒಂದು ಸಣ್ಣ ಕಿಡಿ ಹಾರ್ತು, ಹಿಂದಿನ ಲೈಟ್ ಝಗ್ ಅಂತ ಹತ್ತಿತು, ಅದರ ಜೊತೆಗೇ ಡ್ಯಾಶ್ ಒಳಗಿನ ಸದ್ದು ಟಿಕ್... ಟಿಕ್... ಅಂತ ನಿಧಾನ ಆಯ್ತು. ವೈರ್ ತೆಗೆದ್ರೆ ಚಟಚಟ, ಮುಟ್ಟಿಸಿದ್ರೆ ಟಿಕ್ ಟಿಕ್. ಮಗಳು ಒಳಗಿಂದ "ಅಪ್ಪಾ ಸರಿ ಆಯ್ತು, ಅಪ್ಪಾ ಮತ್ತೆ ಹೋಯ್ತು" ಅಂತ ಕೂಗ್ತಾನೇ ಇದ್ಲು.

ಅರ್ತ್ ಹೋಗಿತ್ತು, ಅಂದ್ರೆ ಬಲ್ಬಿಂದ ಗಾಡಿ ಬಾಡಿ ಮೂಲಕ ಬ್ಯಾಟರಿ ಮೈನಸ್ಸಿಗೆ ಕರೆಂಟ್ ವಾಪಸ್ ಹೋಗೋ ದಾರಿ.

ಯಾಕೆ ಹಾಗೆಲ್ಲ ವಿಚಿತ್ರವಾಗಿ ಹತ್ತುತ್ತಿತ್ತು ಅಂದ್ರೆ, ಹಿಂದಿನ ಒಂದು ಲೈಟಿನ ಡಬ್ಬೀಲಿ ಮೂರು ಫಿಲಮೆಂಟ್ ಇರುತ್ತೆ, ಇಂಡಿಕೇಟರ್ 21 ವ್ಯಾಟ್, ಇನ್ನೊಂದು ಬಲ್ಬಲ್ಲಿ ಬ್ರೇಕಿಂದು 21 ಮತ್ತೆ ಪಾರ್ಕಿಂಗಿಂದು 5 ವ್ಯಾಟ್. ಮೂರಕ್ಕೂ ಪ್ಲಸ್ ಬೇರೆ ಬೇರೆ ವೈರಲ್ಲಿ ಬರುತ್ತೆ, ವಾಪಸ್ ಹೋಗೋದು ಮಾತ್ರ ಒಂದೇ ತಗಡು, ಒಂದೇ ಕಪ್ಪು ವೈರಲ್ಲಿ. ಆ ವೈರ್ ಕೆಟ್ರೆ ಕರೆಂಟ್ ಸುಮ್ನೆ ನಿಲ್ಲಲ್ಲ, ಗದ್ದೆ ತೂಬು ಕಟ್ಟಿಕೊಂಡ್ರೆ ನೀರು ಪಕ್ಕದ ಬದು ಹತ್ತಿ ಹೋಗೋ ಹಾಗೆ ಬೇರೆ ಫಿಲಮೆಂಟ್ ಒಳಗೆ ನುಗ್ಗಿ ಇನ್ನೊಂದು ಕಡೆ ಅರ್ತ್ ಹುಡುಕ್ಕೊಂಡು ಹೋಗುತ್ತೆ. ಬ್ರೇಕ್ ಒತ್ತಿದಾಗ ಬ್ರೇಕ್ ಫಿಲಮೆಂಟ್ ದಾಟಿ, ಅದೇ ಡಬ್ಬಿ ಇಂಡಿಕೇಟರ್ ಫಿಲಮೆಂಟ್ ಒಳಗೆ ಉಲ್ಟಾ ಹೋಗಿ, ಇಂಡಿಕೇಟರ್ ವೈರ್ ಹಿಡ್ಕೊಂಡು ಮುಂದೆ ಬಂದು, ಮುಂದಿನ ಬಲ್ಬ್ ಮೂಲಕ ಅರ್ತ್ ಸೇರ್ತಾ ಇತ್ತು. ಮೂರು ಬಲ್ಬ್ ಸಾಲಾಗಿ 12 ವೋಲ್ಟ್ ಹಂಚ್ಕೊಂಡ್ರೆ ಒಂದೊಂದಕ್ಕೆ ಸಿಗೋದು ನಾಲ್ಕು ವೋಲ್ಟ್, ಅದಕ್ಕೇ ಆ ಮಂಕು. ಎಡಗಡೆ ಬ್ರೇಕ್ ಲೈಟ್ ಮಿಣುಕಿದ್ದೂ ಇದೇ ಕಾರಣಕ್ಕೆ, ಎರಡೂ ಬ್ರೇಕ್ ಲೈಟಿಗೆ ಪ್ಲಸ್ ವೈರ್ ಒಂದೇ ಅಲ್ವಾ.

ಹಳೇ ಗಾಡೀಲಿ ಒಂದು ಸ್ವಿಚ್ ಹಾಕಿದ್ರೆ ಸಂಬಂಧವೇ ಇಲ್ಲದ ಇನ್ನೊಂದು ಲೈಟ್ ಮಂಕಾಗಿ ಹತ್ತಿದ್ರೆ ಬೇರೆ ಏನೂ ಬಿಚ್ಚೋಕೆ ಹೋಗ್ಬೇಡಿ, ಮೊದಲು ಅರ್ತ್ ನೋಡಿ. ನಮ್ಮ ಕಡೆ ಅಂತೂ ಇದು ಕಡ್ಡಾಯ. ಆಗುಂಬೇಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳುತ್ತೆ, ನಾಲ್ಕು ತಿಂಗಳು ಗಾಡಿ ಒಣಗೋದೇ ಇಲ್ಲ.

ಮಲ್ಟಿಮೀಟರ್ ಇದ್ರೆ ಇದನ್ನ ಅಳತೆ ಮಾಡಿನೂ ನೋಡ್ಬಹುದು, ಆದ್ರೆ ಬೀಪ್ ಇಟ್ಟು ನೋಡಿದ್ರೆ ಮೋಸ ಹೋಗ್ತೀರ. ನಾನೂ ಮೊದಲು ಬೀಪ್ ಇಟ್ಟು ನೋಡಿದ್ದೆ, ಹೋಲ್ಡರಿಂದ ಬಾಡಿಗೆ ಬೀಪ್ ಬಂದಿತ್ತು. ಒಂದೇ ಒಂದು ಎಳೆ ತಾಮ್ರ ಮುಟ್ಟಿಕೊಂಡಿದ್ರೂ ಬೀಪ್ ಬರುತ್ತೆ, ಆದ್ರೆ ಆ ಎಳೇಲಿ ಎರಡು ಆಂಪ್ ಹೋಗಲ್ಲ. ಲೈಟ್ ಹತ್ತಿಸಿಕೊಂಡೇ ನೋಡ್ಬೇಕು. ಮೀಟರನ್ನ ಡಿಸಿ ವೋಲ್ಟಿಗೆ ಇಟ್ಟು ಕೆಂಪು ಕಡ್ಡಿ ಹೋಲ್ಡರ್ ಮೈಗೆ, ಕಪ್ಪು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಮಗಳು ಬ್ರೇಕ್ ಒತ್ತಿದ್ಲು, 7.4 ತೋರಿಸ್ತು. ಅಲ್ಲಿ ಸೊನ್ನೆ ಹತ್ರ ಇರ್ಬೇಕು, 0.2 ದಾಟಿದ್ರೇ ಅನುಮಾನ ಪಡ್ಬೇಕು. ಎಡಗಡೆ ಡಬ್ಬೀಲಿ ನೋಡಿದ್ರೆ 0.4, ಅದೂ ಇದೇ ದಾರಿ ಹಿಡಿದಿದೆ ಅಂತ ಆಯ್ತು.

ಬೆಳಿಗ್ಗೆ ಬಲಗಡೆ ಡಬ್ಬಿ ಪೂರ್ತಿ ಬಿಚ್ಚಿದೆ. ಗ್ಲಾಸಿನ ಸುತ್ತ ಯಾರೋ ಹಿಂದೆ ಸೀಲ್ ಬಳಿದಿದ್ರು, ಕೆಳಗಡೆ ನೀರು ಇಳಿದು ಹೋಗೋಕೆ ಇರೋ ಸಣ್ಣ ತೂತಿನ ಮೇಲೂ ಬಳಿದಿದ್ರು. ಮೇಲಿಂದ ಹೇಗೋ ಒಳಗೆ ಹೋದ ನೀರು ಅಲ್ಲೇ ನಿಂತಿದೆ. ತಳದಲ್ಲಿ ಅರ್ಧ ಇಂಚು ಕಂದು ನೀರು, ಅದರ ಅಂಚಿಗೆ ಹಸಿರು ಪಾಚಿ, ಒಂದು ಮೂಲೇಲಿ ಕಣಜ ಕಟ್ಟಿದ್ದ ಮಣ್ಣಿನ ಗೂಡು ಕರಗಿ ಕೆಸರಾಗಿ ಹೋಲ್ಡರ್ ಸ್ಪ್ರಿಂಗಿಗೆ ಮೆತ್ತಿಕೊಂಡಿತ್ತು. ಹಿತ್ತಾಳೆ ಹೋಲ್ಡರ್ ಒಳಗೆಲ್ಲ ಕಿಲುಬು, ಉಗುರಲ್ಲಿ ಕೆರೆದ್ರೆ ಹಸಿರು ಹಿಟ್ಟಿನ ಹಾಗೆ ಉದುರ್ತಿತ್ತು. ಇಷ್ಟೆಲ್ಲ ಇದ್ರೂ ನಿಜವಾದ ಜಾಗ ಅದಲ್ಲ, ಡಬ್ಬಿ ಹಿಂದೆ ಇತ್ತು. ತಗಡಿಂದ ಬರೋ ಕಪ್ಪು ವೈರಿನ ಥಿಂಬಲ್ಲನ್ನ (ವೈರಿನ ತುದಿಗೆ ಹಾಕೋ ತೂತಿನ ಬಳೆ) ಬಾಡಿಗೆ ಒಂದು ಬೋಲ್ಟ್ ಹಾಕಿ ಕೂರ್ಸಿದ್ರು. ಕೆಲವು ವರ್ಷದ ಹಿಂದೆ ಟಿಂಕರಿಂಗ್ ಮಾಡ್ಸಿ ಪೇಂಟ್ ಹೊಡೆಸಿದ್ವಿ, ಆಗ ಪೇಂಟ್ ಒಣಗಿದ್ಮೇಲೆ ಅದರ ಮೇಲೇನೇ ಥಿಂಬಲ್ ಇಟ್ಟು ಬಿಗಿ ಮಾಡಿದಾರೆ. ಪೇಂಟು ಕರೆಂಟ್ ಬಿಡಲ್ಲ. ಇಷ್ಟು ದಿನ ಬೋಲ್ಟಿನ ಮರೆ (ಮೈಮೇಲಿನ ಸುರುಳಿ ಗೆರೆ) ಮೂಲಕವೇ ಕರೆಂಟ್ ಹೋಗ್ತಾ ಇದ್ದಿದ್ದು, ಈ ಮಳೆಗಾಲ ಮರೇಲೂ ತುಕ್ಕು ಕೂತು ಆ ದಾರಿನೂ ಮುಚ್ಚಿತು.

10 ನಂಬರ್ ಸ್ಪ್ಯಾನರ್ ಹಾಕಿದ್ರೆ ಬೋಲ್ಟ್ ಅಲ್ಲಾಡಲೇ ಇಲ್ಲ. ರಾತ್ರಿ ಡೀಸೆಲ್ ಬಿಟ್ಟು ಬೆಳಿಗ್ಗೆ ತಿರುಗಿಸಿದ್ರೆ ತಲೆ ಮುರಿದು ಕೈಗೆ ಬಂತು. ಅಲ್ಲಿಗೆ ಆ ಜಾಗ ಬಿಟ್ಟೆ. ವೈರನ್ನಾದ್ರೂ ಉಳಿಸೋಣ ಅಂತ ಥಿಂಬಲ್ ಕಟ್ ಮಾಡಿ ಸುಲಿದ್ರೆ ಒಳಗಿನ ತಾಮ್ರ ಇದ್ದಿಲಿನ ಥರ ಕಪ್ಪು. ಒಂದಿಂಚು ಹಿಂದೆ ಕಟ್ ಮಾಡ್ದೆ, ಕಪ್ಪು. ಇನ್ನೊಂದಿಂಚು, ಅಲ್ಲೂ ಕಪ್ಪು. ಬತ್ತಿ ಎಣ್ಣೆ ಎಳೆಯೋ ಹಾಗೆ ವೈರಿನ ಎಳೆಗಳ ಮಧ್ಯೆ ನೀರು ಏರುತ್ತೆ, ಮೇಲಿನ ಪ್ಲಾಸ್ಟಿಕ್ ಹೊಸದರ ಥರ ಕಾಣುತ್ತೆ ಒಳಗೆ ಎಲ್ಲ ಹೋಗಿರುತ್ತೆ. ಕಪ್ಪಾದ ತಾಮ್ರಕ್ಕೆ ಬೆಸುಗೆನೂ ಹಿಡಿಯಲ್ಲ. ಆರಿಂಚು ಕಟ್ ಮಾಡಿದ ಮೇಲೆ ಆ ವೈರನ್ನೇ ಬಿಸಾಕಿದೆ.

ಹೊಸದಾಗಿ 2.5 ಸ್ಕ್ವೇರ್ ಎಂಎಂ ಕಪ್ಪು ವೈರ್ ತಂದು, ಎರಡೂ ಹಿಂದಿನ ಡಬ್ಬಿಗಳ ತಗಡಿಗೆ ಬೆಸುಗೆ ಹಾಕಿ, ಎರಡನ್ನೂ ಸೇರ್ಸಿ ಒಂದನ್ನ ಚಾಸಿಗೆ, ಇನ್ನೊಂದನ್ನ ಹಳೇ ವೈರಿಂಗ್ ಪಕ್ಕದಲ್ಲೇ ಎಳ್ಕೊಂಡು ಬಂದು ನೇರ ಬ್ಯಾಟರಿ ಮೈನಸ್ಸಿಗೆ ಕೊಟ್ಟೆ. ಚಾಸಿ ಸಾಕಲ್ವಾ ಅಂತ ಕೇಳ್ಬಹುದು, ಒಣ ಊರಲ್ಲಿ ಸಾಕು, ನಮ್ಮಲ್ಲಿ ನಂಗೆ ನಂಬಿಕೆ ಇಲ್ಲ. ಚಾಸೀಲಿ ಕೂರ್ಸೋ ಜಾಗವನ್ನ ಎಮರಿ ಪೇಪರಲ್ಲಿ ಬೆಳ್ಳಗೆ ಹೊಳೆಯೋ ತನಕ ಉಜ್ಜಿ, ಥಿಂಬಲ್ ಕೆಳಗೆ ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ, ಆಮೇಲೆ ಮೇಲಿಂದ ವ್ಯಾಸಲಿನ್ ಬಳಿದು ಪೇಂಟ್ ಹಚ್ಚಿದೆ. ಪೇಂಟ್ ಕೊನೇಲಿ, ಮೊದಲಲ್ಲ. ಹೋಲ್ಡರನ್ನ ಉಜ್ಜಿ ಉಳಿಸೋಕೆ ನೋಡ್ದೆ, ಸ್ಪ್ರಿಂಗ್ ಸತ್ತಿತ್ತು, ಹೊಸದೇ ಹಾಕ್ದೆ. ಬ್ರೇಕ್ ಬಲ್ಬ್ ತರುವಾಗ ಮಾತ್ರ ಹುಷಾರು, ಎರಡು ಫಿಲಮೆಂಟಿನ ಬಲ್ಬಿಗೆ ಪಕ್ಕದ ಎರಡು ಪಿನ್ ಒಂದೇ ಎತ್ತರದಲ್ಲಿ ಇರಲ್ಲ, ಒಂದೇ ರೀತೀಲಿ ಕೂರ್ಲಿ ಅಂತಾನೇ ಹಾಗೆ ಮಾಡಿರೋದು. ಕೂರ್ತಿಲ್ಲ ಅಂತ ಒತ್ತಿ ತಿರುಗಿಸಿ ಹಾಕಿದ್ರೆ ಪಾರ್ಕಿಂಗ್ ಬ್ರೇಕ್ ಅದಲುಬದಲು ಆಗುತ್ತೆ. ಗ್ಲಾಸಿಗೆ ಹೊಸ ರಬ್ಬರ್ ಹಾಕಿ ಮೇಲೆ ಪಕ್ಕ ಮಾತ್ರ ಸೀಲ್ ಮಾಡಿ ಕೆಳಗಿನ ತೂತನ್ನ ಸೈಕಲ್ ಕಡ್ಡಿ ತೂರ್ಸಿ ಬಿಡಿಸಿದೆ.

ಮೀಟರ್ ಇಟ್ಟೆ. ಬ್ರೇಕ್ ಒತ್ತಿಸಿ ನೋಡಿದ್ರೆ 0.06.

ಇದರ ಮಧ್ಯೆ ಇನ್ನೊಂದು ಸಿಕ್ತು, ಅದು ಇದಕ್ಕಿಂತ ಭಯ ಹುಟ್ಟಿಸಿದ್ದು. ಹೊಸ ವೈರ್ ಎಳೆಯೋಕೆ ಕೆಳಗೆ ಮಲಗಿದ್ದಾಗ ಎಡಗಡೆ ಹಿಂದಿನ ವೈರಿಂಗ್ ಬಾಡಿ ತೂತಲ್ಲಿ ನುಗ್ಗೋ ಜಾಗ ಕಾಣ್ತು, ಅಲ್ಲಿ ಇರ್ಬೇಕಾದ ರಬ್ಬರ್ ಬುಷ್ ಯಾವತ್ತೋ ಉದುರಿಹೋಗಿ ತಗಡಿನ ಅಂಚು ವೈರನ್ನ ಕೊರೆದು ತಾಮ್ರ ಕಾಣ್ತಾ ಇದೆ. ಹಾಗಿದ್ರೆ ಫ್ಯೂಸ್ ಯಾಕೆ ಹೋಗ್ಲಿಲ್ಲ ಅಂತ ಫ್ಯೂಸ್ ಬಾಕ್ಸ್ ತೆಗೆದ್ರೆ, ಫ್ಯೂಸ್ ಜಾಗದಲ್ಲಿ ನಾಲ್ಕೆಳೆ ದಪ್ಪ ತಂತಿ ಹೊಸೆದು ಸುತ್ತಿಟ್ಟಿದಾರೆ. ಗುಂಡಿ ಹಾರಿದಾಗೆಲ್ಲ ಫ್ಯೂಸ್ ಹೋಗ್ತಿತ್ತು ಅನ್ಸುತ್ತೆ, ಕಾರಣ ಹುಡುಕೋದು ಬಿಟ್ಟು ತಂತಿ ಸುತ್ತಿದಾರೆ. ದಯವಿಟ್ಟು ಯಾರೂ ಹೀಗೆ ಮಾಡ್ಬೇಡಿ. ಫ್ಯೂಸ್ ಕರಗೋದು ವೈರ್ ಕರಗಬಾರದು ಅಂತ. ತಂತಿ ಇಟ್ರೆ ಕರಗೋದು ಸೀಟಿನ ಕೆಳಗಿರೋ ವೈರು, ಅದರ ಮೇಲೆ ಕೂತಿರೋದು ಮನೆ ಮಂದಿ. ಆ ವೈರನ್ನ ಜೋಡಿಸಿ ಸ್ಲೀವ್ ಹಾಕಿ, ತೂತಿಗೆ ರಬ್ಬರ್ ಬುಷ್ ಕೂರ್ಸಿ, ಸರಿಯಾದ ಫ್ಯೂಸ್ ಹಾಕಿ, ನಾಲ್ಕು ಸ್ಪೇರ್ ಫ್ಯೂಸನ್ನ ಡಬ್ಬಿ ಮುಚ್ಚಳದ ಒಳಗೆ ಟೇಪ್ ಹಾಕಿ ಅಂಟಿಸಿದೀನಿ.

ಹೆಡ್‌ಲೈಟ್ ಕಥೆ ಚಿಕ್ಕದು. ಬ್ಯಾಟರೀಲಿ 12.5 ವೋಲ್ಟ್ ಇದ್ರೆ ಬಲ್ಬ್ ಹತ್ರ ಬರ್ತಿದ್ದಿದ್ದು 10.3. ವೋಲ್ಟೇಜ್ ನೂರಕ್ಕೆ ಹತ್ತು ಕಮ್ಮಿ ಆದ್ರೆ ಫಿಲಮೆಂಟ್ ಬಲ್ಬಿನ ಬೆಳಕು ಸುಮಾರು 30 ಕಮ್ಮಿ ಆಗುತ್ತೆ, ಇಲ್ಲಿ ಹತ್ರಹತ್ರ ಅರ್ಧ ಬೆಳಕೇ ಹೋಗಿತ್ತು. ಅಷ್ಟೂ ಕರೆಂಟ್ ಡ್ಯಾಶಿನ ಹಳೇ ಸ್ವಿಚ್ ಮೂಲಕ ಹೋಗೋದೇ ಕಾರಣ. ಡಿಮ್ಮಿಗೊಂದು ಬ್ರೈಟಿಗೊಂದು ನಾಲ್ಕು ಪಿನ್ನಿನ ರಿಲೇ (ಸಣ್ಣ ಕರೆಂಟಲ್ಲಿ ದೊಡ್ಡ ಕರೆಂಟ್ ಹತ್ತಿಸೋ ಸ್ವಿಚ್) ಹಾಕಿ, ಅದರ 30 ನಂಬರ್ ಪಿನ್ನಿಗೆ ಬ್ಯಾಟರಿಯಿಂದ ಫ್ಯೂಸ್ ಸಮೇತ ದಪ್ಪ ವೈರ್, 87ರಿಂದ ಬಲ್ಬಿಗೆ, 86ಕ್ಕೆ ಹಳೇ ಸ್ವಿಚ್ ವೈರ್, 85 ಅರ್ತಿಗೆ. ಈಗ ಸ್ವಿಚ್ಚಲ್ಲಿ ಹೋಗೋದು ರಿಲೇ ಕಾಯಿಲಿಗೆ ಬೇಕಾದಷ್ಟೇ. ಅದೇ ಹಳೇ ಬಲ್ಬಲ್ಲಿ ಈಗ ಗೇಟಿನಾಚೆ ಹಲಸಿನ ಮರದ ತೊಗಟೆ ಕಾಣುತ್ತೆ. ಜಾಸ್ತಿ ವ್ಯಾಟಿನ ಬಲ್ಬ್ ಹಾಕ್ಬೇಡಿ, ಎದುರಿಂದ ಬರೋರ ಕಣ್ಣು ಕುಕ್ಕುತ್ತೆ, ಮಂಜಲ್ಲಂತೂ ಬೆಳಕು ವಾಪಸ್ ನಮ್ಮ ಮುಖಕ್ಕೇ ಹೊಡಿಯುತ್ತೆ.

ಮಂಜು ಅಂದಾಗ ಇನ್ನೊಂದು ಮಾತು ಹೇಳ್ಬೇಕು ಅನ್ಸ್ತಿದೆ. ಆಗುಂಬೆ ಘಾಟೀಲಿ 14 ತಿರುವು, ಅಲ್ಲಿ ಮಂಜು ಬಿದ್ರೆ ತುಂಬಾ ಜನ ಎರಡೂ ಕಡೆ ಇಂಡಿಕೇಟರ್ ಒಟ್ಟಿಗೆ ಹಾಕ್ಕೊಂಡು ಇಳೀತಾರೆ. ಆಗ ನೀವು ಬಲಕ್ಕೆ ಹೋಗ್ತೀರೋ ಎಡಕ್ಕೆ ಹೋಗ್ತೀರೋ ನಿಂತಿದೀರೋ ಓಡ್ತಿದೀರೋ ಹಿಂದಿನೋರಿಗೆ ಏನೂ ಗೊತ್ತಾಗಲ್ಲ. ಅದು ಗಾಡಿ ನಿಂತಾಗ ಹಾಕೋದು. ಓಡೋವಾಗ ಡಿಮ್ ಲೈಟ್, ಹಿಂದೆ ಕೆಂಪು ಲೈಟ್ ಚೆನ್ನಾಗಿ ಹತ್ತಿದ್ರೆ ಸಾಕು.

ಎಲ್ಲ ಜೋಡಿಸಿದ ದಿನ ಸಂಜೆ ಜಿಟಿಜಿಟಿ ಮಳೆ. ಅಪ್ಪಯ್ಯ ಕಂಬಳಿ ಕೊಪ್ಪೆ ಹಾಕ್ಕೊಂಡು ಅಂಗಳದಲ್ಲಿ ಗಾಡಿ ಹಿಂದೆ ನಿಂತ್ರು, ನಾನು ಒಳಗೆ ಕೂತು ಒಂದೊಂದೇ ಹಾಕ್ದೆ. "ಬಲ, ಹತ್ತಿತು. ಎಡ, ಹತ್ತಿತು. ಬ್ರೇಕ್ ಒತ್ತು, ಹ್ಞೂ ಎರಡೂ ಹತ್ತಿತು." ಬಲಗಡೆ ಹಾಕಿ ಗಡಿಯಾರ ನೋಡಿ ಎಣಿಸ್ದೆ, ನಿಮಿಷಕ್ಕೆ 84. ಎಡಗಡೇನೂ 84. ಬ್ರೇಕ್ ಒತ್ತಿ ಹಿಡ್ಕೊಳ್ಳಿ ಅಂತ ಮಗಳಿಗೆ ಹೇಳಿ ಮುಂದೆ ಬಂದು ಬಗ್ಗಿ ನೋಡ್ದೆ, ಬಲಗಡೆ ಇಂಡಿಕೇಟರ್ ಕತ್ತಲಾಗೇ ಇತ್ತು.

ಅಕ್ಟೋಬರಲ್ಲಿ ಮಳೆ ಹಿಂದೆ ಸರಿದ ಮೇಲೆ ಮತ್ತೆ ಡಬ್ಬಿ ಬಿಚ್ಚಿದೆ, ತಳ ಒಣಗಿತ್ತು, ಮೀಟರಲ್ಲಿ 0.07. ಮುಂದೆ ಎಡಗಡೆ ಇಂಡಿಕೇಟರ್ ಡಬ್ಬಿ ಅರ್ತ್ ಮಾತ್ರ 0.3 ತೋರಿಸ್ತಾ ಇದೆ, ಅಡಿಕೆ ಕೊಯ್ಲು ಶುರುವಾಗೋದ್ರೊಳಗೆ ಅದನ್ನೂ ಬಿಚ್ಚಿ ಉಜ್ಜಬೇಕು. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂವಲ್, ನಮ್ಮದು 2026ರಲ್ಲಿ ಬರುತ್ತೆ, ಆ ಹೊತ್ತಿಗೆ ಹಾರ್ನ್ ವೈರಿಂಗ್ ಕೂಡ ಹೊಸದು ಎಳೆಯೋ ಯೋಚನೆ ಇದೆ.